ಪಂಢರಿನಾಥ ಸರ್‌ಗೆ ಎ.ಸಿ. ಹಾಲ್‌ನಲ್ಲಿ ಶ್ರದ್ಧಾಂಜಲಿ

ಅಕ್ಟೋಬರ್ 29, ಬುಧವಾರ

ಪಂಢರಿನಾಥ ಸರ್ ಸೋಮವಾರ ಬೆಳಿಗ್ಗೆ ಹೋದರು. ವಿಶ್ವವಿದ್ಯಾಲಯದವರು ಇವತ್ತು ಎಲ್ಲರಿಗೂ ಒಂದು ಸಂತಾಪದ ಮೇಲ್ ಕಳಿಸಿದ್ದಾರೆ. ದಕ್ಷ ಆಡಳಿತಗಾರ, ಶಿಸ್ತಿನ ಮನುಷ್ಯ, ಸಂಸ್ಥೆಯ ಆಸ್ತಿ. ಗಣಿತದ ಮಾತು ಬರುವುದು ಕೊನೆಯ ಸಾಲಿನಲ್ಲಿ. ಅವರು ಗಣಿತ ವಿಭಾಗದಲ್ಲಿ ‘ಆಲ್ಸೋ’ ಸೇವೆ ಸಲ್ಲಿಸಿದ್ದರಂತೆ. ಆಲ್ಸೋ! ಇದನ್ನು ಬರೆದವರು ಅವರ ಒಂದು ಕ್ಲಾಸಿನಲ್ಲಾದರೂ ಕೂತಿದ್ದರೇ?

ಚಿತಾಗಾರದ ಎದುರು ರಿಜಿಸ್ಟ್ರಾರ್ ಸೌಂದರಪಾಂಡಿಯನ್ ತಾವು ಹಾರ ಹಾಕುವುದನ್ನು ಫೋಟೋದವನಿಂದ ಎರಡು ಸಲ ತೆಗೆಸಿದರು. ಮೊದಲನೆಯದರಲ್ಲಿ ಕನ್ನಡಕ ಹೊಳೆಯಿತಂತೆ. ನಾನು ಹಲ್ಲು ಕಚ್ಚಿ ನಿಂತಿದ್ದೆ.

ಸರ್ ಮೈಸೂರಿನಿಂದ ಬಂದ ಹೊಸತರಲ್ಲಿ ತ್ರಿಪ್ಲಿಕೇನ್‌ನ ಲಾಡ್ಜೊಂದರಲ್ಲಿದ್ದರು. ಎರಡು ಹೊತ್ತೂ ಊಟ ನಮ್ಮಪ್ಪನ ಹೋಟೆಲಿನಲ್ಲಿ. ಕ್ಯಾಶಿನ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದ ನನ್ನ ಪುಸ್ತಕಕ್ಕೆ ಒಮ್ಮೆ ಬಗ್ಗಿ ನೋಡಿ, “ಉತ್ತರ ಸರಿ ಇದೆ. ಆದ್ರೆ ಯಾಕೆ ಸರಿ ಅಂತ ನಿನಗೆ ಗೊತ್ತಿಲ್ಲ, ಅಲ್ವಾ?” ಎಂದರು. ಎಂಟನೆಯ ತರಗತಿಯ ಹುಡುಗಿಗೆ ಹಾಗೆ ಕೇಳುವುದೇ? ರಾತ್ರಿಯಿಡೀ ಅತ್ತೆ. ಮರುದಿನ ಯಾಕೆ ಸರಿ ಎಂದು ಅವರಿಗೆ ಹೇಳಿದೆ. ನಾನು ಗಣಿತದವಳಾದದ್ದು ಹೀಗೆ.

ಅವರಲ್ಲೇ ಪಿಎಚ್.ಡಿ. ಮಾಡಿದೆ, ಅವರ ವಿಭಾಗದಲ್ಲೇ ಕೆಲಸಕ್ಕೆ ಸೇರಿದೆ. ಇಬ್ಬರೂ ಸೇರಿ ಒಂದು ಒಳ್ಳೆಯ ಪ್ರಬಂಧ ಬರೆಯುತ್ತಿದ್ದಾಗ ಅವರನ್ನು ಪರೀಕ್ಷಾ ನಿಯಂತ್ರಕರನ್ನಾಗಿ ಮಾಡಿದರು, ಆಮೇಲೆ ಡೀನ್. ಪ್ರಬಂಧ ಅಲ್ಲೇ ನಿಂತಿತು. ಅಂಥ ತಲೆ ಹಾಲ್ ಟಿಕೆಟ್ಟು, ಬೆಂಚು, ಸೀಟಿಂಗ್ ಪ್ಲ್ಯಾನು ಎಂದು ಸವೆದುಹೋಯಿತು. ಇವರೆಲ್ಲ ಸೇರಿ ಅವರನ್ನು ಗುಮಾಸ್ತೆ ಮಾಡಿಟ್ಟರು. ಈಗ ದಕ್ಷ ಆಡಳಿತಗಾರ ಎನ್ನುತ್ತಾರೆ.

ನನ್ನ ಗಂಡ ಜಯಪ್ರಕಾಶ್, ಹೋಟೆಲಿನಿಂದ ಬಂದವರು, ನನ್ನ ಮುಖ ನೋಡಿ, “ಊಟ ಮಾಡು ಮಾರಾಯ್ತಿ. ಕೋಪ ಆಮೇಲೂ ಮಾಡ್ಲಿಕ್ಕೆ ಆಗ್ತದೆ,” ಎಂದರು. ಇವರಿಗೆ ಎಲ್ಲದಕ್ಕೂ ಊಟವೇ ಉತ್ತರ.

ನವೆಂಬರ್ 3, ಸೋಮವಾರ

ಶ್ರದ್ಧಾಂಜಲಿ ಸಭೆ ಇಪ್ಪತ್ತೊಂದನೆಯ ತಾರೀಖು, ಶುಕ್ರವಾರ. ಎ.ಸಿ. ಆಡಿಟೋರಿಯಂ. ಚಾನ್ಸಲರ್ ಬರುತ್ತಾರೆ. ಅವರು ಬರುತ್ತಾರೆಂದೇ ಸಭೆ, ಇಲ್ಲವಾದರೆ ಒಂದು ಫೋಟೋಗೆ ಊದುಬತ್ತಿ ಹಚ್ಚಿ ಮುಗಿಸುತ್ತಿದ್ದರು.

ನಾನು ನಾಲ್ಕು ನಿಮಿಷ ಮಾತಾಡಬೇಕಂತೆ. ಬರೆದದ್ದನ್ನು ರಿಜಿಸ್ಟ್ರಾರ್‌ಗೆ ಮೊದಲೇ ತೋರಿಸಬೇಕಂತೆ. “ಪಾಸಿಟಿವ್ ಆಗಿ ಇರಲಿ ಮೇಡಂ, ಅಳುವುದು ಗಿಳುವುದು ಬೇಡ,” ಎಂದು ರಿಜಿಸ್ಟ್ರಾರೇ ಹೇಳಿದರು. ನಾನು ಇವರ ಮುಂದೆ ಅಳುತ್ತೇನೆಯೇ?

ಬ್ಯಾನರ್‌ನ ನಮೂನೆ ತೋರಿಸಿದರು. ಅದರಲ್ಲಿ ಸರ್ ‘ಪಂಡಾರಿನಾಥನ್’ ಆಗಿದ್ದಾರೆ. ತಿದ್ದಿ ಎಂದೆ. “ಇಲ್ಲಿ ಎಲ್ಲರೂ ಹಾಗೇ ಹೇಳುತ್ತಾರಲ್ಲ,” ಎಂದರು. ಹೇಳುವುದು ಬೇರೆ! ಹುಡುಗರು ‘ಪಂಡರಿ ಸಾರ್’ ಎನ್ನುತ್ತಿದ್ದರು, ಅವರ ಬಾಯಲ್ಲಿ ಅದು ಚೆನ್ನಾಗಿತ್ತು. ಬ್ಯಾನರ್ ಮಾಡಿಸುವವರಿಗೆ ಹೆಸರು ಗೊತ್ತಿರಬೇಡವೇ?

ಭಾಷಣ ಬರೆಯಲು ಕೂತೆ. ಹರಿದುಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ.

ನವೆಂಬರ್ 9, ಭಾನುವಾರ

ನಿನ್ನೆ ಸರ್ ಮನೆಯಲ್ಲಿ ಹದಿಮೂರನೆಯ ದಿನದ ಊಟ. ಗದ್ದಲದಲ್ಲಿ ಮಾತಾಡಲು ಆಗಲಿಲ್ಲವೆಂದು ಇವತ್ತು ಕ್ರೋಂಪೇಟೆಗೆ ಮತ್ತೆ ಹೋದೆ. ಸರ್ ಹೆಂಡತಿ ಜಯಲಕ್ಷ್ಮಮ್ಮ ಒಬ್ಬರೇ ಇದ್ದರು, ದೊಡ್ಡ ಪಾತ್ರೆಗಳನ್ನು ಒರೆಸಿ ಅಟ್ಟಕ್ಕೆ ಕಳಿಸಲು ಜೋಡಿಸುತ್ತಿದ್ದರು. ನನಗೆ ಕಾಫಿ ಮಾಡಿ ಕೊಟ್ಟರು.

“ಬಂದೋರೆಲ್ಲ ಅದೇ ಹೇಳ್ತಾರಮ್ಮ, ಸರ್ ಇಲ್ಲದಿದ್ರೆ ನಾನು ಪಾಸಾಗ್ತಿರ್ಲಿಲ್ಲ ಅಂತ. ಒಬ್ಬ ಬ್ಯಾಂಕ್ ಮ್ಯಾನೇಜರು ಇಲ್ಲೇ ನೆಲದ ಮೇಲೆ ಕೂತು ಮಕ್ಕಳ ಥರ ಅತ್ತುಬಿಟ್ಟ. ನಂಗೆ ಸಮಾಧಾನ ಮಾಡೋಕೆ ಬಂದವನಿಗೆ ನಾನೇ ಸಮಾಧಾನ ಮಾಡಿ ಕಳಿಸ್ದೆ.”

ತಡೆಯಲಾರದೆ ಕೇಳಿಯೇಬಿಟ್ಟೆ. “ಸರ್‌ನ ಆ ಪರೀಕ್ಷೆ ಕೆಲಸಕ್ಕೆ ತಳ್ಳದೇ ಇದ್ದಿದ್ರೆ ಎಷ್ಟು ಗಣಿತ ಮಾಡ್ತಿದ್ರು ಅಲ್ವಾ ಅಮ್ಮಾ? ನಿಮಗೆ ಬೇಜಾರಾಗ್ಲಿಲ್ವಾ?”

ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ತಳ್ಳಿದ್ದು ಯಾರು? ಅವ್ರೇ ಕೇಳ್ಕೊಂಡು ಹೋಗಿದ್ದು ಕಣಮ್ಮ. ಅವ್ರಿಗೆ ಅದು ಇಷ್ಟ ಇತ್ತು. ಯಾವ ರೂಮಲ್ಲಿ ಯಾರು ಕೂರ್ಬೇಕು, ಯಾವ ಕಿಟಕಿಯಿಂದ ಬಿಸ್ಲು ಬೀಳುತ್ತೆ ಅಂತ ಊಟ ಮಾಡ್ತಾ ಮಾಡ್ತಾ ಹೇಳೋರು. ನಿಮ್ಮ ಗಣಿತದ ವಿಷಯ ಮನೇಲಿ ಒಂದಿನ ಎತ್ತಿದ್ದಿಲ್ಲ.”

ಕಾಫಿ ಅರ್ಧಕ್ಕೇ ಬಿಟ್ಟೆ. ಗಂಡನನ್ನು ಕಳೆದುಕೊಂಡು ಹದಿಮೂರು ದಿನವಾದವರ ಜೊತೆ ಜಗಳವಾಡುವುದು ಹೇಗೆ? ಸುಮ್ಮನೆ ಎದ್ದು ಬಂದೆ. ಆದರೆ ಇದು ನಿಜವಿರಲಾರದು. ಅವರಿಗೆ ನೋವಾಗಬಾರದೆಂದು ಸರ್ ಹಾಗೆ ತೋರಿಸಿಕೊಂಡಿರಬೇಕು. ಇಷ್ಟವಂತೆ!

ನವೆಂಬರ್ 12, ಬುಧವಾರ

ಇವತ್ತು ತಿಳಿದದ್ದನ್ನು ಬರೆಯದೆ ಮಲಗಲಾರೆ.

ಮಧ್ಯಾಹ್ನ ಪೂಂಗೊಡಿ ನನ್ನ ಕೋಣೆಗೆ ಬಂದಳು. ಎರಡನೆಯ ಸೆಮಿಸ್ಟರಿನ ಗಣಿತ ಒಂದು ಬಿಟ್ಟು ಉಳಿದೆಲ್ಲ ಪಾಸು ಮಾಡಿದ ಹುಡುಗಿ. ಅಪ್ಪನಿಗೆ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಬಾಕಿ ಉಳಿದ ಪೇಪರಿಗೆ ಇಲ್ಲಿ ಎಲ್ಲರೂ ‘ಅರಿಯರ್’ ಎನ್ನುತ್ತಾರೆ. ಅವಳಿಗೆ ಇದು ಕೊನೆಯ ಅವಕಾಶ. ಈ ಸಲ ಹೋದರೆ ಡಿಗ್ರಿಯೇ ಇಲ್ಲ. “ಮೇಡಂ, ಪರೀಕ್ಷೆ ವರ್ಕ್‌ಶಾಪ್ ಶೆಡ್ಡಿಗೆ ಹೋಯಿತಂತೆ. ಅಲ್ಲಿ ಬೆಳಕೇ ಇಲ್ಲ,” ಎಂದಳು.

ಅರಿಯರ್ ಪರೀಕ್ಷೆ ಇಪ್ಪತ್ತೊಂದಕ್ಕೆ, ಬೆಳಿಗ್ಗೆ ಹತ್ತಕ್ಕೆ, ಆಡಿಟೋರಿಯಂನಲ್ಲಿ ಇತ್ತು. ಅಲ್ಲಿ ಸಭೆ ಇಟ್ಟುಕೊಂಡು ಮಕ್ಕಳನ್ನು ಶೆಡ್ಡಿಗೆ ಅಟ್ಟಿದ್ದಾರೆ.

ಅರಿಯರ್ ಪರೀಕ್ಷೆ ಆಡಿಟೋರಿಯಂನಲ್ಲಿ ನಡೆಯಬೇಕೆಂದು ನಿಯಮ ಮಾಡಿದವರೇ ಸರ್! ಫೇಲಾಗಿ ಬಂದವರು ಮೊದಲೇ ಹೆದರಿರುತ್ತಾರೆ, ಅವರಿಗೆ ಕ್ಯಾಂಪಸ್ಸಿನಲ್ಲೇ ಒಳ್ಳೆಯ ಜಾಗ ಕೊಡಬೇಕೆಂದು ಹಠ ಹಿಡಿದಿದ್ದರು. ಆ ಹಾಲ್ ಕಟ್ಟುವಾಗ ಕುರ್ಚಿಗಳಿಗೆ ಮಡಚುವ ಬರೆಯುವ ಹಲಗೆ ಹಾಕಿಸಿದ್ದೂ ಅವರೇ. ಆ ಹಲಗೆಗಳ ಮೇಲೆ ಈಗ ಇವರು ಟೀ ಕಪ್ ಇಟ್ಟುಕೊಂಡು ಅವರ ಗುಣಗಾನ ಮಾಡುತ್ತಾರೆ.

ಈಗಿನ ಪರೀಕ್ಷಾ ನಿಯಂತ್ರಕ ಮಂಜುನಾಥ್ ಹಾಸನದ ಕಡೆಯವನು, ಸರ್ ಶಿಷ್ಯ, ನನಗಿಂತ ಚಿಕ್ಕವನು. ನೇರ ಅವನ ಕೋಣೆಗೆ ಹೋದೆ.

“ನಿಮಗೆ ನಾಚಿಕೆ ಆಗಲ್ವಾ ಮಂಜುನಾಥ್?”

“ಆಗುತ್ತೆ ಮೇಡಂ. ಏನ್ ಮಾಡ್ಲಿ, ಮೇಲಿಂದ ಆರ್ಡರ್ರು.”

“ಪರೀಕ್ಷೆ ಎಲ್ಲಿ ನಡೀಬೇಕು ಅಂತ ಹೇಳೋರು ನೀವಲ್ವಾ?”

“ಪೇಪರ್ ಮೇಲೆ ನಾನೇ. ನಂಗೆ ಇಬ್ಬರು ಮಕ್ಕಳಿದಾರೆ ಮೇಡಂ.”

ಮಕ್ಕಳಿದ್ದಾರಂತೆ. ಶೆಡ್ಡಿನಲ್ಲಿ ಕೂರುವವರೂ ಯಾರದೋ ಮಕ್ಕಳೇ.

ನವೆಂಬರ್ 13, ಗುರುವಾರ

ರಿಜಿಸ್ಟ್ರಾರ್ ನನ್ನನ್ನು ಕೂರಲು ಹೇಳಿದರು. ಕೂರಲಿಲ್ಲ. ಪರೀಕ್ಷೆ ಅಲ್ಲಿ, ಸಭೆ ಮಧ್ಯಾಹ್ನ ಎಂದೆ. ಚಾನ್ಸಲರ್‌ಗೆ ಮಧ್ಯಾಹ್ನ ವಿಮಾನವಂತೆ. ಸಭೆ ಇನ್ನೊಂದು ದಿನ ಎಂದೆ. ಬೇರೆ ದಿನ ಅವರು ಸಿಗುವುದಿಲ್ಲವಂತೆ.

“ಅರಿಯರ್ ಪಸಂಗ ತಾನೆ ಮೇಡಂ,” ಎಂದು ನಕ್ಕರು. ಬಾಕಿ ಉಳಿಸಿಕೊಂಡ ಹುಡುಗರು ತಾನೆ, ಎಲ್ಲಿ ಕೂತರೇನು ಎನ್ನುವ ಧಾಟಿ.

“ಹಾಗಿದ್ದರೆ ಶ್ರದ್ಧಾಂಜಲಿಯನ್ನು ಶೆಡ್ಡಿನಲ್ಲಿ ಮಾಡಿ. ಚಾನ್ಸಲರ್ ಲೇತ್ ಮೆಷಿನ್ನಿನ ಮೇಲೆ ಕೂರಲಿ. ನಾನಂತೂ ಮಾತಾಡುವುದಿಲ್ಲ,” ಎಂದೆ. ನನ್ನ ದನಿ ಹೊರಗೆ ಕೂತ ಟೈಪಿಸ್ಟ್‌ಗೂ ಕೇಳಿಸಿರಬೇಕು.

“ಪರವಾಗಿಲ್ಲ, ಬೇರೆ ಯಾರಾದರೂ ಮಾತಾಡುತ್ತಾರೆ,” ಎಂದರು. ಅಷ್ಟೇ. ನಾನು ಬಿಟ್ಟರೆ ಆಕಾಶ ಕಳಚುತ್ತದೆ ಎಂದುಕೊಂಡಿದ್ದೆನಲ್ಲ, ನನಗೆ ಬುದ್ಧಿಯಿಲ್ಲ.

ನವೆಂಬರ್ 15, ಶನಿವಾರ

ಮಂಜುನಾಥನನ್ನು ಎಳೆದುಕೊಂಡು ಶೆಡ್ ನೋಡಿ ಬಂದೆ. ನೆಲದ ಮೇಲೆ ಗ್ರೀಸು, ಕಬ್ಬಿಣದ ಪುಡಿ. ಚಾವಣಿಯ ಶೀಟಿನಲ್ಲಿ ತೂತು. ಮೂಲೆಯಲ್ಲಿ ಒಂದೇ ಫ್ಯಾನು, ಅದನ್ನು ಹಾಕಿದರೆ ಪಕ್ಕದಲ್ಲಿರುವವರ ಪೇಪರ್ ಹಾರುತ್ತದೆ, ಹಾಕದಿದ್ದರೆ ಉಸಿರು ಕಟ್ಟುತ್ತದೆ. ಬೆಂಚೇ ಇಲ್ಲ. ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದರೆ ಅವನು ತಲೆ ಕೆರೆದುಕೊಂಡ. ಸಿವಿಲ್ ಬ್ಲಾಕಿನಲ್ಲಿ ಹಳೆಯ ಡ್ರಾಯಿಂಗ್ ಬೆಂಚುಗಳಿವೆ ಎಂದು ನಾನೇ ಹೇಳಬೇಕಾಯಿತು. ನಿಯಂತ್ರಕ ಅವನೋ ನಾನೋ?

ಗ್ರೀಸಿನ ಕಲೆ ಸೀರೆಗೆ ಅಂಟಿದೆ. ಮಗಳು ಪ್ರಣಮ್ಯಾ ನೋಡಿ, “ಅಮ್ಮಾ, ಪೋದುಂ. ವೈ ಆರ್ ಯು ಡೂಯಿಂಗ್ ದೇರ್ ವರ್ಕ್?” ಎಂದಳು. ಸಾಕು ಎಂದು ಹೇಳುವುದನ್ನಾದರೂ ಕನ್ನಡದಲ್ಲಿ ಹೇಳಬಾರದೇ ಈ ಹುಡುಗಿ?

ನವೆಂಬರ್ 18, ಮಂಗಳವಾರ

ಬೆಂಚು ಬಂದವು. ಅರ್ಧಕ್ಕೆ ಕಾಲು ಅಲುಗಾಡುತ್ತದೆ, ಬಡಗಿ ನಾಳೆ ಬರುತ್ತಾನೆ. ಎಲೆಕ್ಟ್ರಿಷಿಯನ್ ಮೂರು ಟ್ಯೂಬ್‌ಲೈಟ್ ಹಾಕಿದ, ಇನ್ನೂ ಬೇಕು. ಎರಡು ಗಂಟೆಯ ಕ್ಲಾಸಿಗೆ ಹತ್ತು ನಿಮಿಷ ತಡವಾಗಿ ಹೋದೆ. ಕಿಟಕಿ ಪಕ್ಕದ ಸಾಲನ್ನು ತಿರುಗಿಸಿ ಹಾಕಿಸಬೇಕು, ಮಳೆ ಬಂದರೆ ಎರಚಲು ಹೊಡೆಯುತ್ತದೆ.

ನವೆಂಬರ್ 20, ಗುರುವಾರ

ನಾಳೆಯ ಪರೀಕ್ಷೆಗೆ ಚೀಫ್ ಸೂಪರಿಂಟೆಂಡೆಂಟ್ ನಾನು. ನಿಜವಾಗಿ ಆಗಬೇಕಿದ್ದವರು ಸಭೆಯಲ್ಲಿ ಚಾನ್ಸಲರ್ ಕಣ್ಣಿಗೆ ಬೀಳಬೇಕಂತೆ, ಶೆಡ್ಡಿಗೆ ಬರಲು ಒಪ್ಪಲಿಲ್ಲ. “ನಾನು ಮಾಡ್ತೀನಿ, ನನ್ನ ಹೆಸರು ಹಾಕಿ,” ಎಂದೆ. ಮಂಜುನಾಥ್ ಬೇಡವೆನ್ನುವ ಮೊದಲೇ ಸಹಿ ಮಾಡಿಸಿಕೊಂಡೆ.

ಸಂಜೆಯಿಂದ ಮೋಡ. ಜಯಲಕ್ಷ್ಮಮ್ಮನವರಿಗೆ ಪರೀಕ್ಷೆಯ ವಿಷಯ ಹೇಳಿಲ್ಲ. ಹೇಳಿ ಅವರ ಮನಸ್ಸನ್ನೂ ಯಾಕೆ ಕೆಡಿಸಬೇಕು?

ನವೆಂಬರ್ 21, ಶುಕ್ರವಾರ

ಬೆಳಗಿನ ಜಾವದಿಂದ ಒಂದೇ ಸಮ ಮಳೆ. ಮೈಲಾಪೂರಿನಿಂದ ಗಿಂಡಿಗೆ ಬರುವಷ್ಟರಲ್ಲೇ ಆಟೋದೊಳಗೆ ಅರ್ಧ ನೆನೆದಿದ್ದೆ. ಲೋಕಲ್ ರೈಲು ಹಿಡಿದು ಕ್ಯಾಂಪಸ್ ಮುಟ್ಟಿದಾಗ ಶೆಡ್ಡಿನ ಹೊಸ್ತಿಲು ಮುಳುಗಿತ್ತು. ನಾವು ಜೋಡಿಸಿದ್ದ ಬೆಂಚುಗಳು ಕೆಸರು ನೀರಿನಲ್ಲಿ ನಿಂತಿದ್ದವು. ಸ್ವಿಚ್ ಬೋರ್ಡು ಒದ್ದೆಯಾಗಿದೆ ಎಂದು ಎಲೆಕ್ಟ್ರಿಷಿಯನ್ ಕರೆಂಟನ್ನೇ ತೆಗೆದಿದ್ದ. ಮಕ್ಕಳು ಬೆಂಚು ಹತ್ತಿ ನಿಂತಿದ್ದರು. ಪೂಂಗೊಡಿ ಹಾಲ್ ಟಿಕೆಟ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡಿದ್ದಳು.

ಮಂಜುನಾಥನಿಗೆ ಫೋನ್ ಮಾಡಿದೆ. “ಇಲ್ಲಿ ಪರೀಕ್ಷೆ ನಡಿಯಲ್ಲ. ಆಡಿಟೋರಿಯಂಗೆ ಕರ್ಕೊಂಡು ಹೋಗ್ತಿದೀನಿ.”

“ಮೇಡಂ, ನೀವು ಏನು ಮಾಡಿದ್ರೂ ನಾನು ಬೇಡ ಅನ್ನಲ್ಲ. ಹೂಂ ಅಂತ್ಲೂ ಅನ್ನಲ್ಲ,” ಎಂದ.

“ಪ್ರಶ್ನೆಪತ್ರಿಕೆ ಅಲ್ಲಿಗೆ ತನ್ನಿ,” ಎಂದು ಫೋನ್ ಇಟ್ಟೆ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಳೆಯಲ್ಲೇ ಹೊರಟೆವು. ಆಡಿಟೋರಿಯಂ ಬಾಗಿಲಲ್ಲಿ ಚೆಂಡುಹೂವಿನ ತೋರಣ ಕಟ್ಟುತ್ತಿದ್ದರು. ಒಳಗೆ ವೇದಿಕೆಯ ಮೇಲೆ ಸರ್ ಫೋಟೋ. ರಿಜಿಸ್ಟ್ರಾರ್ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದರು.

“ಎನ್ನ ಮೇಡಂ ಇದು? ಕಾರ್ಪೆಟ್ಟೆಲ್ಲ ಕೆಸರು! ಚಾನ್ಸಲರ್ ಹೊರಟಾಗಿದೆ!”

“ಶೆಡ್ಡಿನಲ್ಲಿ ನೀರು ನಿಂತಿದೆ, ಕರೆಂಟಿಲ್ಲ. ಪರೀಕ್ಷೆ ಇಲ್ಲಿ ನಡೆಯುತ್ತದೆ.”

“ಮುಂದೂಡಿ. ಇನ್ನೊಂದು ದಿನ ಬರೆಯುತ್ತಾರೆ.”

“ಇವರ ಪರೀಕ್ಷೆ ಮುಂದೂಡಬಹುದು, ನಿಮ್ಮ ಸಭೆ ಮುಂದೂಡಬಾರದೇ?”

“ನಿಮ್ಮ ಗುರುಗಳಿಗೆ ಮಾಡುವ ಅವಮಾನ ಇದು ಮೇಡಂ!”

ಅವರ ಕೆನ್ನೆಗೆ ಹೊಡೆಯದೆ ನಿಂತದ್ದು ಹೇಗೋ ಗೊತ್ತಿಲ್ಲ. ಬಾಯಿಂದ ಏನೇನು ಬಂತೋ ಅದೂ ನೆನಪಿಲ್ಲ. ಕನ್ನಡ, ತಮಿಳು, ಇಂಗ್ಲಿಷು ಎಲ್ಲ ಒಟ್ಟಿಗೆ ಬಂದಿರಬೇಕು. ಮಕ್ಕಳು ನನ್ನ ಹಿಂದೆ ತೊಟ್ಟಿಕ್ಕುತ್ತ ನಿಂತಿದ್ದರು.

ಆಗ ಮೊದಲ ಸಾಲಿನಿಂದ ಜಯಲಕ್ಷ್ಮಮ್ಮ ಎದ್ದು ಬಂದರು. ವಿಶ್ವವಿದ್ಯಾಲಯದ ಕಾರು ಅವರನ್ನು ಬೇಗನೆ ತಂದು ಕೂರಿಸಿತ್ತು. ನಾನು ನೋಡಿಯೇ ಇರಲಿಲ್ಲ.

“ವಿಮಲಾ, ಈ ಮಕ್ಕಳು ಯಾಕಮ್ಮ ಹಿಂಗೆ ನೆಂದಿದಾರೆ?”

“ಅರಿಯರ್ ಪರೀಕ್ಷೆ ಅಮ್ಮಾ. ಇಲ್ಲೇ ಇತ್ತು. ಈ ಸಭೆಗೆ ಅಂತ ಶೆಡ್ಡಿಗೆ ಕಳಿಸಿದ್ರು.”

ಅವರು ಮಕ್ಕಳನ್ನು ನೋಡಿದರು, ತೋರಣ ನೋಡಿದರು. “ಹಂಗಾದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ?” ಎಂದು ತಮ್ಮ ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ರಿಜಿಸ್ಟ್ರಾರ್ “ಅಮ್ಮಾ, ನೀಂಗ ಉಕ್ಕಾರುಂಗ” ಎಂದು ಕೂರಿಸಲು ಹಿಂದೆ ಬಿದ್ದರು. ಆಕೆ ತಿರುಗಿ ನಿಂತು ತಮ್ಮ ಹರಕು ತಮಿಳಿನಲ್ಲಿ, “ಮೊದಲ್ಲ ಪರೀಟ್ಚೈ. ಮಾಲೈ ಅಪ್ಪುರಂ,” ಎಂದರು. ಮೊದಲು ಪರೀಕ್ಷೆ, ಹಾರ ಆಮೇಲೆ. ಪೋರ್ಟಿಕೋದಲ್ಲಿ ಸೆಕ್ಯೂರಿಟಿಯವರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೋಗಿ ಕೂತರು.

ಅವರು ಹೊರಗೆ ಕೂತ ಮೇಲೆ ಒಳಗೆ ಕೂರುವ ಧೈರ್ಯ ಯಾರಿಗಿತ್ತು? ಒಬ್ಬೊಬ್ಬರೇ ಎದ್ದರು. ವಿಭಾಗದ ಇಬ್ಬರು ಫೋಟೋ ಎತ್ತಿಕೊಂಡು ಹೋದರು. ಮಂಜುನಾಥ್ ಪ್ರಶ್ನೆಪತ್ರಿಕೆಯ ಕಟ್ಟನ್ನು ಶರ್ಟಿನೊಳಗೆ ಇಟ್ಟುಕೊಂಡು, ತಾನು ಪೂರಾ ನೆನೆದು ಬಂದ. ಮಕ್ಕಳು ಹಲಗೆ ಬಿಡಿಸಿಕೊಂಡು ಕೂತರು. ಎ.ಸಿ. ಆರಿಸಿ ಎಂದೆ, ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದರು. ಹತ್ತೂಕಾಲಿಗೆ ಶುರುವಾಯಿತು, ಕಾಲು ಗಂಟೆ ಕೊನೆಯಲ್ಲಿ ಸೇರಿಸಿ ಕೊಟ್ಟೆ.

ಚಾನ್ಸಲರ್ ಬಂದರು. ಸಭೆ ಪೋರ್ಟಿಕೋದಲ್ಲೇ ಆಯಿತು. ಒಳಗೆ ಪರೀಕ್ಷೆ ಎಂದು ಮೈಕ್ ಹಾಕಲು ಜಯಲಕ್ಷ್ಮಮ್ಮ ಬಿಡಲಿಲ್ಲವಂತೆ. ಬಾಗಿಲ ಗಾಜಿನಾಚೆ ಒಬ್ಬರಾದ ಮೇಲೊಬ್ಬರು ಎದ್ದು ಪಿಸುಮಾತಿನಲ್ಲಿ ಸರ್ ಬಗ್ಗೆ ಹೇಳುತ್ತಿದ್ದರು. ಮಳೆಯ ಸದ್ದಿನಲ್ಲಿ ಪಕ್ಕದವರಿಗಾದರೂ ಕೇಳಿಸಿತೋ ಇಲ್ಲವೋ. ನನಗಂತೂ ಒಂದಕ್ಷರ ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬನ ಪೆನ್ನು ನಿಂತಿತ್ತು, ಇನ್ನೊಬ್ಬಳಿಗೆ ಗ್ರಾಫ್ ಹಾಳೆ ಬೇಕಿತ್ತು.

ನವೆಂಬರ್ 24, ಸೋಮವಾರ

ಮೆಮೋ ಬಂದಿದೆ. ‘ಅಶಿಸ್ತು’ ಮತ್ತು ‘ದಿವಂಗತರಿಗೆ ಅಗೌರವ’. ಯಾರಿಗೆ ಯಾರು ಹೇಳುವ ಮಾತು! ಕಾರ್ಪೆಟ್ ತೊಳೆಸಿದ ಖರ್ಚಿನ ಮಾತೂ ಇದೆ. ಜಯಪ್ರಕಾಶ್ ಓದಿ, “ಸಾರಿ ಅಂತ ಹೇಳಿ ಮುಗಿಸಿಬಿಡು. ಎಂತ ಹೋಗ್ತದೆ?” ಎಂದರು. ಹೇಳುವುದಿಲ್ಲ ಎಂದೆ. “ಸರಿ ಮಾರಾಯ್ತಿ, ಹಾಗಾದ್ರೆ ಹೇಳಬೇಡ,” ಎಂದು ತಟ್ಟೆ ಹಾಕಿದರು. ಮಳೆ ಬಂತು, ಶೆಡ್ ಮುಳುಗಿತು, ಪರೀಕ್ಷೆ ನಡೆಸಿದೆ ಎಂದಷ್ಟೇ ಉತ್ತರ ಬರೆದೆ. ನಡೆದದ್ದು ಅಷ್ಟೇ ತಾನೆ?

ಡಿಸೆಂಬರ್ 1, ಸೋಮವಾರ

ಶಿಕ್ಷೆ ಗೊತ್ತಾಯಿತು. ಮುಂದಿನ ಆದೇಶದವರೆಗೆ ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದ್ದಾರೆ, ಮಂಜುನಾಥನ ಕೈಕೆಳಗೆ. ಪಾಠ ಒಂದೇ ಕ್ಲಾಸಿಗೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ “ಛೆ ಛೆ” ಎಂದರು. ಮೈ ಉರಿಯಿತು. ಪರೀಕ್ಷಾ ವಿಭಾಗವೆಂದರೆ ಇವರಿಗೆಲ್ಲ ಜೈಲೇ? ಅಲ್ಲಿ ಕೆಲಸ ಮಾಡುವವರು ಮನುಷ್ಯರಲ್ಲವೇ? ಆ ಕೆಲಸ ನೆಟ್ಟಗೆ ಆಗದಿದ್ದರೆ ಇವರು ಮಾಡಿದ ಪಾಠಕ್ಕೆ ಏನು ಬೆಲೆ? ಅದನ್ನೇ ಹೇಳಿದೆ. ಎಲ್ಲರೂ ನನ್ನ ಮುಖ ನೋಡಿದರು.

ಏಪ್ರಿಲ್ ಪರೀಕ್ಷೆಗೆ ಈಗಲೇ ಆಡಿಟೋರಿಯಂ ಬರೆಸಿಡಬೇಕು. ಆಮೇಲೆ ಇವರು ಯಾವನದೋ ಸನ್ಮಾನ ತಂದಿಡುತ್ತಾರೆ.

ಜನವರಿ 9, ಶುಕ್ರವಾರ

ಎಷ್ಟು ದಿನವಾಯಿತು ಬರೆದು. ಪುರಸೊತ್ತೇ ಇಲ್ಲ.

ಅರಿಯರ್ ಫಲಿತಾಂಶ ಇವತ್ತು ಹಾಕಿದೆವು. ಪೂಂಗೊಡಿ ಪಾಸು. ಅಂಚಿನ ಮೇಲೆ ಪಾಸು, ಆದರೂ ಪಾಸು. ಸ್ವೀಟ್ ಡಬ್ಬಿ ತಂದಿದ್ದಳು. ಎಲ್ಲರ ಎದುರು ಜೋರಾಗಿ ಅತ್ತಳು. ನನಗೂ ಕಣ್ಣು ಒದ್ದೆಯಾಯಿತು. ಕೌಂಟರಿನಲ್ಲಿ ಜನ ನಿಂತಿದ್ದರು, ಬೇಗ ಒರೆಸಿಕೊಂಡೆ.

ಆದರೆ ಈ ಕೌಂಟರಿನವರನ್ನು ಏನು ಮಾಡಬೇಕೋ ತಿಳಿಯದು. ಊಟಕ್ಕೆಂದು ಒಂದು ಗಂಟೆಗೆ ಕಿಟಕಿ ಎಳೆದುಕೊಂಡರೆ ಮೂರರವರೆಗೆ ತೆಗೆಯುವುದಿಲ್ಲ. ಇವತ್ತು ಅರಕ್ಕೋಣಂನಿಂದ ಒಬ್ಬ ವಯಸ್ಸಾದ ತಂದೆ ಬಂದಿದ್ದರು. ಮಗಳ ಸರ್ಟಿಫಿಕೇಟಿನಲ್ಲಿ ಇವರು ಹೆಸರನ್ನೇ ತಪ್ಪು ಅಚ್ಚು ಹಾಕಿದ್ದಾರೆ, ಅದನ್ನು ತಿದ್ದಿಸಿಕೊಳ್ಳಲು ಅವರು ಬಿಸಿಲಲ್ಲಿ ಗೋಡೆಗೆ ಒರಗಿ ನಿಂತಿರಬೇಕು! ನಾನೇ ಹೋಗಿ ಕಿಟಕಿ ತೆಗೆದೆ. “ಉಳ್ಳೆ ವಾಂಗ” ಎಂದು ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟೆ. ಸರ್ಟಿಫಿಕೇಟ್ ತೆಗೆದುಕೊಂಡು ಹೊಸದು ಮಾಡಲು ಕಳಿಸಿದೆ.

ಅವರು ನೀರು ಕುಡಿದು, ತಮಿಳಿನಲ್ಲಿ, “ನೀವು ಯಾರಮ್ಮ? ಟೀಚರಾ?” ಎಂದು ಕೇಳಿದರು.

“ಇಲ್ಲಪ್ಪಾ, ನಾನು ಪರೀಕ್ಷಾ ವಿಭಾಗದವಳು,” ಎಂದೆ. ಮಗಳ ಹೆಸರು ಸರಿಯಾಗಿ ಹೇಗೆ ಬರೆಯುತ್ತಾರೆಂದು ಕೇಳಿ, ಅವರು ಒಂದೊಂದೇ ಅಕ್ಷರ ಹೇಳಿದಂತೆ ಬರೆದುಕೊಂಡೆ.